ಸಂಸ್ಕೃತ ಮೇಷ್ಟ್ರು, ಮಹಾರಾಷ್ಟ್ರದ ಕ್ಯಾಪ್ಟನ್: ಪ್ರೊಫೆಸರ್ ದೇವಧರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದೇವಧರ್ ಟ್ರೋಫಿ ಅಂದರೆ ಕ್ರಿಕೆಟ್ ನೋಡುವವರಿಗೆಲ್ಲ ಗೊತ್ತು. ಆ ದೇವಧರ್ ಯಾರು ಅಂತ ಕೇಳಿದರೆ ಮಾತ್ರ ಬಹಳ ಜನ ತಡವರಿಸುತ್ತಾರೆ. ಗೆಳೆಯರು, ಅವರ ಮಕ್ಕಳು, ಕ್ರಿಕೆಟ್ ಹರಟೆಗೆ ಸಿಗುವವರು ನನ್ನನ್ನು ಕೇಳಿದ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಂದು ಕಡೆ ಸೇರಿಸಿದ್ದೇನೆ. ಕೆಲವಕ್ಕೆ ಉತ್ತರ ಉದ್ದ ಆಗಿದೆ. ಅವರ ಬಗ್ಗೆ ಮಾತು ಶುರುವಾದರೆ ನನಗೆ ನಿಲ್ಲಿಸೋಕೆ ಮನಸ್ಸೇ ಬರುವುದಿಲ್ಲ.

ಮೊದಲು ಚಿಕ್ಕದಾಗಿ ಹೇಳಿ, ಯಾರಿವರು?

ಪೂರ್ತಿ ಹೆಸರು ದಿನಕರ ಬಳವಂತ ದೇವಧರ್. ಹುಟ್ಟಿದ್ದು 1892ರ ಜನವರಿ 14ರಂದು, ಪುಣೆಯಲ್ಲಿ. ಕೆಲಸ ಸಂಸ್ಕೃತ ಪಾಠ ಹೇಳುವುದು. ಜೊತೆಗೆ ಬಲಗೈ ಬ್ಯಾಟ್ಸ್‌ಮನ್, ಮಹಾರಾಷ್ಟ್ರ ತಂಡದ ಕ್ಯಾಪ್ಟನ್. ಅವರ ನಾಯಕತ್ವದಲ್ಲಿ ಮಹಾರಾಷ್ಟ್ರ, ದೇಶದ ತಂಡಗಳು ತಮ್ಮತಮ್ಮಲ್ಲಿ ಆಡುವ ರಣಜಿ ಟ್ರೋಫಿಯನ್ನು ಸತತ ಎರಡು ಸಲ ಗೆದ್ದಿತು. ತೀರಿಕೊಂಡಿದ್ದು 1993ರ ಆಗಸ್ಟ್ 24ರಂದು, ಪುಣೆಯಲ್ಲೇ. ಆಗ ಅವರಿಗೆ 101 ವರ್ಷ.

ದೇವಧರ್ ಅನ್ನಬೇಕಾ, ದೇವ್ಧರ್ ಅನ್ನಬೇಕಾ, ಡಿಯೋಧರ್ ಅನ್ನಬೇಕಾ?

ದೇವಧರ್. ಮರಾಠಿಯಲ್ಲಿ ಬರೆಯುವುದೂ ಹಾಗೆಯೇ. ಇಂಗ್ಲಿಷ್ ಕಾಗುಣಿತ ನೋಡಿಕೊಂಡು ಕೆಲವರು ಡಿಯೋಧರ್ ಅಂತಾರೆ. ನಮ್ಮ ಪತ್ರಿಕೆಗಳಲ್ಲೂ ಒಮ್ಮೊಮ್ಮೆ ಹಾಗೇ ಬರುತ್ತದೆ, ಪಾಪ ದೇವರನ್ನೇ ತೆಗೆದುಹಾಕಿದ ಹಾಗೆ ಆಗುತ್ತದೆ.

ನಿಜವಾಗ್ಲೂ ಮೇಷ್ಟ್ರಾ? ಅಥವಾ ಸುಮ್ನೆ ಗೌರವಕ್ಕೆ ಪ್ರೊಫೆಸರ್ ಅಂತಾರಾ?

ನಿಜವಾಗಿಯೂ ಮೇಷ್ಟ್ರು. ಪುಣೆಯ ಸರ್ ಪರಶುರಾಮಭಾವು ಕಾಲೇಜಿನಲ್ಲಿ ಸಂಸ್ಕೃತ ಪ್ರೊಫೆಸರ್ ಆಗಿದ್ದರು. ಊರಿನವರು ಎಸ್‌ಪಿ ಕಾಲೇಜು ಅನ್ನುತ್ತಾರೆ. 1916ರಲ್ಲಿ ನ್ಯೂ ಪೂನಾ ಕಾಲೇಜು ಅಂತ ಶುರುವಾಗಿ, ಆಮೇಲೆ ಈ ಹೆಸರು ಪಡೆದ ಕಾಲೇಜು ಅದು. ಆ ಕಾಲದ ಪುಣೆಯಲ್ಲಿ ಸಂಸ್ಕೃತ ಅಂದರೆ ಊರಿನ ಉಸಿರು. ಭಂಡಾರ್ಕರ್ ಸಂಶೋಧನಾ ಸಂಸ್ಥೆ ಶುರುವಾದದ್ದು 1917ರಲ್ಲಿ, ಅದೇ ಊರಿನಲ್ಲಿ. ಅಂಥ ಊರಿನಲ್ಲಿ ಸಂಸ್ಕೃತ ಕಲಿಸುವವರು ಬ್ಯಾಟ್ ಹಿಡಿದು ಪ್ಯಾಡ್ ಕಟ್ಟಿ ಮೈದಾನಕ್ಕೆ ಇಳಿಯುತ್ತಿದ್ದರು. ಜನ ಅವರನ್ನು ಕೊನೆಯವರೆಗೂ ಪ್ರೊಫೆಸರ್ ಅಂತಲೇ ಕರೆದರು. ಸ್ಕೋರ್ ಸುದ್ದಿಗಳಲ್ಲೂ ಪ್ರೊಫೆಸರ್ ದೇವಧರ್ ಅಂತಲೇ ಬರುತ್ತಿತ್ತು.

ನನಗೆ ಅವರ ಕತೆ ಇಷ್ಟ ಆಗೋಕೆ ಒಂದು ಕಾರಣ ಇದೆ. ನಮ್ಮ ಹೈಸ್ಕೂಲಿನಲ್ಲಿ ಒಬ್ಬ ಸಂಸ್ಕೃತ ಮೇಷ್ಟ್ರಿದ್ದರು. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ನಮ್ಮ ಮ್ಯಾಚಿಗೆ ಅಂಪೈರ್ ಆಗಿ ನಿಲ್ಲುತ್ತಿದ್ದರು. ಜುಬ್ಬಾದ ಬಲಗಡೆ ಜೇಬಿನಲ್ಲಿ ಆರು ಸೀಮೆಸುಣ್ಣದ ಚೂರು. ಒಂದು ಬಾಲ್ ಮುಗಿದರೆ ಒಂದು ಚೂರು ಎಡಗಡೆ ಜೇಬಿಗೆ. ಮ್ಯಾಚ್ ಮುಗಿಯುವ ಹೊತ್ತಿಗೆ ಎರಡೂ ಜೇಬು ಬೆಳ್ಳಗೆ. ದೇವಧರ್ ಬಗ್ಗೆ ಮೊದಲ ಸಲ ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಜೇಬು.

ಪಾಠ ಹೇಳುವ ಕೆಲಸ ಇದ್ದದ್ದು ಅಷ್ಟು ಮುಖ್ಯವಾ?

ತುಂಬಾ ಮುಖ್ಯ ಅಂತ ನನ್ನ ನಂಬಿಕೆ. ಆಗ ಕ್ರಿಕೆಟ್ ಆಡಿ ಹೊಟ್ಟೆ ಹೊರೆಯುವ ದಾರಿ ಇರಲಿಲ್ಲ. ರಾಜರ ಆಶ್ರಯ ಸಿಕ್ಕರೆ ಬದುಕು. ಸಿ.ಕೆ. ನಾಯುಡು ಇಂದೋರಿನ ಹೋಳ್ಕರ್ ಮಹಾರಾಜರ ಸೈನ್ಯದಲ್ಲಿದ್ದರು. ಅಮರ್ ಸಿಂಗ್‌ಗೆ ನವಾನಗರ, ಲಾಲಾ ಅಮರನಾಥ್‌ಗೆ ಪಟಿಯಾಲ. ಯಾರ ತಂಡಕ್ಕೆ ಆಡಬೇಕು, ಯಾವ ಊರಲ್ಲಿ ಇರಬೇಕು ಅನ್ನೋದು ಎಷ್ಟೋ ಸಲ ಅರಮನೆಯಲ್ಲಿ ತೀರ್ಮಾನ ಆಗುತ್ತಿತ್ತು. ದೇವಧರ್‌ಗೆ ಕಾಲೇಜಿನ ಸಂಬಳ ಇತ್ತು. ಹುಟ್ಟಿದ ಊರಲ್ಲೇ ಇದ್ದು, ಆ ಊರಿನ ತಂಡವನ್ನೇ ಕಟ್ಟುತ್ತಾ, ಐವತ್ತು ದಾಟುವ ತನಕ ಆಡಿದರು. ಮೇಷ್ಟ್ರ ಸಂಬಳ ದೊಡ್ಡದೇನಲ್ಲ. ಆದರೆ ತಿಂಗಳು ತಿಂಗಳು ತಪ್ಪದೆ ಬರುವ ದುಡ್ಡಿಗೆ ಅದರದ್ದೇ ಒಂದು ಧೈರ್ಯ ಇರುತ್ತದೆ, ಅಲ್ವಾ?

ಅವರು ಹುಡುಗರಾಗಿದ್ದಾಗ ಪುಣೆಯ ಕ್ರಿಕೆಟ್ ಹೇಗಿತ್ತು?

ಆಗ ಊರಲ್ಲಿ ಬ್ರಿಟಿಷರ ದಂಡು ಇತ್ತು. ಅಧಿಕಾರಿಗಳಿಗೆ ಪೂನಾ ಜಿಮ್ಖಾನಾ. ಅಲ್ಲಿ ನೆಲ ಗುಡಿಸಿ, ಪಿಚ್ ಉರುಳಿಸಿ, ನೆಟ್ಸ್‌ನಲ್ಲಿ ಸಾಹೇಬರಿಗೆ ಬೌಲಿಂಗ್ ಮಾಡುತ್ತಿದ್ದ ಹುಡುಗನೊಬ್ಬ ಇದ್ದ. ತಿಂಗಳಿಗೆ 4 ರೂಪಾಯಿ ಸಂಬಳ. ಹೆಸರು ಪಲವಂಕರ್ ಬಾಲೂ. ಹುಟ್ಟಿದ್ದು ನಮ್ಮ ಧಾರವಾಡದಲ್ಲಿ. ಇದು ಎಷ್ಟು ಜನ ಕನ್ನಡಿಗರಿಗೆ ಗೊತ್ತು ಅಂತ ನನಗೆ ಯಾವಾಗಲೂ ಅನಿಸುತ್ತದೆ.

ಬಾಲೂ ದಲಿತರು. ಎಡಗೈ ಸ್ಪಿನ್ ಬೌಲಿಂಗಿನಲ್ಲಿ ಅವರನ್ನು ಮೀರಿಸುವವರು ದೇಶದಲ್ಲೇ ಇರಲಿಲ್ಲ. ಪುಣೆಯ ಹಿಂದೂಗಳು ತಮ್ಮ ತಂಡಕ್ಕೆ ಅವರನ್ನು ಸೇರಿಸಿಕೊಂಡರು. ಮೈದಾನದೊಳಗೆ ಎಲ್ಲರೂ ಒಂದೇ ಬಾಲ್ ಮುಟ್ಟಿದರು. ಚಹಾ ಹೊತ್ತಿನಲ್ಲಿ ಮಾತ್ರ ಬಾಲೂಗೆ ಪೆವಿಲಿಯನ್ ಹೊರಗೆ, ಬೇರೆ ಮಣ್ಣಿನ ಕುಡಿಕೆಯಲ್ಲಿ. 1911ರಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋದಾಗ ಅವರು ಆ ಪ್ರವಾಸದಲ್ಲಿ ನೂರಕ್ಕೂ ಜಾಸ್ತಿ ವಿಕೆಟ್ ತೆಗೆದರು.

ದೇವಧರ್ ದೊಡ್ಡ ಪಂದ್ಯಗಳಿಗೆ ಕಾಲಿಟ್ಟದ್ದೂ ಅದೇ 1911ರಲ್ಲಿ. ಆಗ ಅವರಿಗೆ 19 ವರ್ಷ. ಅವರು ಬೆಳೆದ ಕ್ರಿಕೆಟ್ ಹೀಗಿತ್ತು ಅನ್ನೋದನ್ನು ಬಿಟ್ಟು ಅವರ ಕತೆ ಹೇಳಿದರೆ ಅರ್ಧ ಹೇಳಿದ ಹಾಗೆ.

ಹಿಂದೂ ತಂಡ, ಪಾರ್ಸಿ ತಂಡ ಅಂತೆಲ್ಲ ಇತ್ತಾ?

ಇತ್ತು. 1892ರಲ್ಲಿ ಯುರೋಪಿಯನ್ನರು ಮತ್ತು ಪಾರ್ಸಿಗಳ ನಡುವಿನ ಪಂದ್ಯದಿಂದ ಶುರುವಾಯಿತು. ದೇವಧರ್ ಹುಟ್ಟಿದ ವರ್ಷವೇ ನೋಡಿ. 1907ರಲ್ಲಿ ಹಿಂದೂಗಳು ಸೇರಿದರು, 1912ರಲ್ಲಿ ಮುಸ್ಲಿಮರು, 1937ರಲ್ಲಿ ಉಳಿದವರೆಲ್ಲ ಸೇರಿ ಐದನೆಯ ತಂಡ. ಬಾಂಬೆಯಲ್ಲಿ ಈ ಟೂರ್ನಿ ಅಂದರೆ ಜಾತ್ರೆ. ದೇವಧರ್ ಆಡಿದ್ದು ಹಿಂದೂ ತಂಡಕ್ಕೆ. ಧರ್ಮದ ಲೆಕ್ಕದಲ್ಲಿ ತಂಡ ಕಟ್ಟುವುದಕ್ಕೆ ವಿರೋಧ ಜೋರಾಗಿ, 1946ಕ್ಕೆ ಅದು ನಿಂತಿತು.

1926ರ ಆ ಇನಿಂಗ್ಸ್ ಬಗ್ಗೆ ಹೇಳಿ.

ಇದು ನನಗೆ ಬಹಳ ಪ್ರಿಯವಾದ ಪ್ರಶ್ನೆ. ಆ ವರ್ಷದ ಕೊನೆಯಲ್ಲಿ ಆರ್ಥರ್ ಗಿಲ್ಲಿಗನ್ ನಾಯಕತ್ವದಲ್ಲಿ ಇಂಗ್ಲೆಂಡಿನ ಎಂಸಿಸಿ ತಂಡ ಭಾರತಕ್ಕೆ ಬಂದಿತ್ತು. ಬೌಲಿಂಗಿಗೆ ಮಾರಿಸ್ ಟೇಟ್ ಇದ್ದರು. ಹೊಸ ಬಾಲ್ ಕೊಟ್ಟರೆ ಅವರಷ್ಟು ಕಾಡುವವರು ಆಗ ಕಡಿಮೆ.

ಬಾಂಬೆ ಜಿಮ್ಖಾನಾ ಮೈದಾನದಲ್ಲಿ ಹಿಂದೂ ತಂಡದ ಪರ ಸಿ.ಕೆ. ನಾಯುಡು 153 ಹೊಡೆದರು. ಅದರಲ್ಲಿ 11 ಸಿಕ್ಸರ್. ಊರೆಲ್ಲ ಅದೇ ಮಾತು. ಇವತ್ತಿಗೂ ಆ ಪ್ರವಾಸ ಅಂದರೆ ಜನ ಹೇಳುವುದು ಆ ಸಿಕ್ಸರ್‌ಗಳನ್ನೇ.

ಕೆಲವೇ ದಿನಗಳ ನಂತರ, ಅದೇ ಡಿಸೆಂಬರ್‌ನಲ್ಲಿ, ಅದೇ ಮೈದಾನದಲ್ಲಿ ಅಖಿಲ ಭಾರತ ತಂಡ ಎಂಸಿಸಿ ವಿರುದ್ಧ ಆಡಿತು. ಅಧಿಕೃತ ಟೆಸ್ಟ್ ಆಗಿರಲಿಲ್ಲ, ಆದರೆ ಎಲ್ಲರೂ ಅದನ್ನು ಟೆಸ್ಟ್ ಥರಾನೇ ನೋಡಿದರು. ಅಲ್ಲಿ ದೇವಧರ್ 148 ರನ್ ಮಾಡಿದರು. ನಾಯುಡು ಸಿಡಿಲಿನ ಹಾಗೆ ಬಂದು ಹೋದರೆ, ದೇವಧರ್ ಕ್ರೀಸಿನಲ್ಲಿ ಬೇರು ಬಿಟ್ಟರು. ಇಡೀ ದೇಶದ ತಂಡವೊಂದು ಇಂಗ್ಲೆಂಡಿನ ಬೌಲರುಗಳ ಎದುರು ಗಟ್ಟಿಯಾಗಿ ನಿಲ್ಲಬಲ್ಲದು ಅಂತ ತೋರಿಸಿದ್ದು ಆ 148. ಗಿಲ್ಲಿಗನ್ ವಾಪಸ್ ಹೋಗುವ ಮೊದಲು, ಭಾರತಕ್ಕೆ ತನ್ನದೇ ಮಂಡಳಿ ಬೇಕು ಅಂತ ಇಲ್ಲಿಯವರನ್ನು ಹುರಿದುಂಬಿಸಿದರು. 1928ರಲ್ಲಿ ಬಿಸಿಸಿಐ ಹುಟ್ಟಿತು. ಅದರ ಹಿಂದೆ ನಾಯುಡು ಸಿಕ್ಸರ್‌ಗಳಷ್ಟೇ ಮೇಷ್ಟ್ರ ತಾಳ್ಮೆಯೂ ಇದೆ ಅಂತ ನಾನು ಹೇಳುತ್ತೇನೆ.

ಇಷ್ಟೆಲ್ಲ ಆಡಿದವರು ಒಂದೂ ಟೆಸ್ಟ್ ಯಾಕೆ ಆಡಲಿಲ್ಲ?

ವಯಸ್ಸು. ಭಾರತ ಮೊದಲ ಟೆಸ್ಟ್ ಆಡಿದ್ದು 1932ರ ಜೂನ್ 25ರಂದು, ಲಾರ್ಡ್ಸ್‌ನಲ್ಲಿ. ಆಗ ದೇವಧರ್‌ಗೆ 40 ತುಂಬಿತ್ತು. ಇಂಗ್ಲೆಂಡ್ ಪ್ರವಾಸದ ತಂಡದಲ್ಲಿ ಅವರ ಹೆಸರು ಬರಲಿಲ್ಲ. ಆ ವರ್ಷ ವಿಜಯ್ ಮರ್ಚೆಂಟ್, ಎಲ್.ಪಿ. ಜೈ ಥರದವರು ತಾವಾಗಿಯೇ ಹೊರಗೆ ಉಳಿದಿದ್ದರು. ಗಾಂಧೀಜಿ ಮತ್ತು ಕಾಂಗ್ರೆಸ್ ನಾಯಕರು ಜೈಲಿನಲ್ಲಿರುವಾಗ ಆಡುವುದಿಲ್ಲ ಅಂದಿದ್ದರು. ಮರ್ಚೆಂಟ್‌ಗೆ ಆಗಿನ್ನೂ ಇಪ್ಪತ್ತು, ಮುಂದೆ ಅವಕಾಶ ಬಂತು. ದೇವಧರ್‌ಗೆ ಬರಲಿಲ್ಲ.

ನನಗೆ ಇದು ಈಗಲೂ ಸಂಕಟದ ವಿಷಯ. 1926ರಲ್ಲಿ, 34ನೇ ವಯಸ್ಸಿನಲ್ಲಿ ಅವರು ಆಡುತ್ತಿದ್ದ ರೀತಿಗೆ ಟೆಸ್ಟ್ ಟೋಪಿ ತಾನಾಗಿಯೇ ಸಿಗಬೇಕಿತ್ತು. ಆದರೆ ಆಗ ದೇಶಕ್ಕೇ ಟೆಸ್ಟ್ ಸ್ಥಾನ ಇರಲಿಲ್ಲ.

48ನೇ ವಯಸ್ಸಿನಲ್ಲಿ 246 ಹೊಡೆದರು ಅನ್ನೋದು ನಿಜವಾ?

ನಿಜ. 1940-41ರ ರಣಜಿ ಋತು, ಪುಣೆ, ಎದುರಾಳಿ ಬಾಂಬೆ. ಮಹಾರಾಷ್ಟ್ರ ಮೊದಲು ಬ್ಯಾಟ್ ಮಾಡಿ 675. ಕ್ಯಾಪ್ಟನ್ ದೇವಧರ್ 246. ಹೆಲ್ಮೆಟ್ ಇಲ್ಲದ ಕಾಲ. ಆ ವಯಸ್ಸಿನ ಮೇಷ್ಟ್ರುಗಳು ಮೆಟ್ಟಿಲು ಹತ್ತಿ ತರಗತಿಗೆ ಬರುವಾಗ ಒಂದು ಕ್ಷಣ ನಿಂತು ಉಸಿರು ತಗೊಳ್ಳುವುದನ್ನು ನಾವೆಲ್ಲ ನೋಡಿದ್ದೇವೆ. ಇವರು ಗಂಟೆಗಟ್ಟಲೆ ಬಿಸಿಲಲ್ಲಿ ಓಡಿದರು.

ಆಮೇಲಿನ ಕತೆ ಇನ್ನೂ ಚೆನ್ನಾಗಿದೆ. 675 ಆದ ಮೇಲೆ ಯಾರಾದರೂ ಗೆದ್ದೆವು ಅಂದುಕೊಳ್ಳುತ್ತಾರೆ. ಬಾಂಬೆ ಹಾಗೆ ಬಿಡುವ ತಂಡ ಆಗಿರಲಿಲ್ಲ. ಖಂಡು ರಂಗ್ನೇಕರ್ 202 ಹೊಡೆದರು. ಬಾಂಬೆ 500 ದಾಟಿತು, 600 ದಾಟಿತು. 650ಕ್ಕೆ ಆಲೌಟ್. ಪಂದ್ಯ ಡ್ರಾ ಆದರೆ ಮೊದಲ ಇನಿಂಗ್ಸಿನ ಮುನ್ನಡೆ ಯಾರಿಗೋ ಅವರು ಮುಂದಿನ ಸುತ್ತಿಗೆ. ಎರಡೂ ಕಡೆ ಸೇರಿ 1325 ರನ್ ಆದ ಮೇಲೆ ಉಳಿದ ವ್ಯತ್ಯಾಸ 25. ಲೆಕ್ಕ ಹಾಕಿ ನೋಡಿ, ಆರು ಬೌಂಡರಿ, ಮೇಲೆ ಒಂದು ರನ್. ದೇವಧರ್ 220ಕ್ಕೆ ಸಾಕು ಅಂತ ಬ್ಯಾಟ್ ಬೀಸಿ ಔಟಾಗಿದ್ದರೆ ಆ ವರ್ಷದ ರಣಜಿ ಟ್ರೋಫಿಯ ಕತೆಯೇ ಬೇರೆ ಆಗುತ್ತಿತ್ತು.

ಆ ವರ್ಷ ಕಪ್ ಗೆದ್ದರಾ?

ಗೆದ್ದರು. ಫೈನಲ್ ಮದ್ರಾಸಿನಲ್ಲಿ, ಮದ್ರಾಸ್ ವಿರುದ್ಧವೇ, 6 ವಿಕೆಟ್‌ಗಳಿಂದ. ಹಿಂದಿನ ವರ್ಷ, 1939-40ರಲ್ಲಿ, ಪುಣೆಯಲ್ಲಿ ಸಂಯುಕ್ತ ಪ್ರಾಂತ್ಯವನ್ನು (ಈಗಿನ ಉತ್ತರ ಪ್ರದೇಶ) 10 ವಿಕೆಟ್‌ಗಳಿಂದ ಸೋಲಿಸಿ ಮೊದಲ ಕಪ್ ಎತ್ತಿದ್ದರು. ಮಹಾರಾಷ್ಟ್ರ ರಣಜಿ ಗೆದ್ದದ್ದು ಆ ಎರಡೇ ಸಲ. ಎರಡಕ್ಕೂ ಕ್ಯಾಪ್ಟನ್ ಸಂಸ್ಕೃತ ಪ್ರೊಫೆಸರ್. ಮಾರನೆಯ ವರ್ಷ, 1941-42ರಲ್ಲಿ ಫೈನಲ್ ತಲುಪಿದ್ದು ನಮ್ಮ ಮೈಸೂರು. ಬಾಂಬೆ ಎದುರು ಇನಿಂಗ್ಸ್ ಸೋಲು ಕಂಡಿತು.

ಬ್ಯಾಟ್ಸ್‌ಮನ್ ವಿಜಯ್ ಹಜಾರೆ ದೇವಧರ್ ಶಿಷ್ಯರಾ?

ಹಜಾರೆ ಸಾಂಗ್ಲಿಯವರು, ನಮ್ಮ ಬೆಳಗಾವಿಗೆ ಹತ್ತಿರದ ಊರು. ಮಹಾರಾಷ್ಟ್ರ ತಂಡದಲ್ಲಿ ದೇವಧರ್ ಕೈಕೆಳಗೆ ಬೆಳೆದರು. ಮಾತು ಕಡಿಮೆ, ನಾಚಿಕೆ ಸ್ವಭಾವದ ಹುಡುಗ. 1939-40ರಲ್ಲಿ ಪುಣೆಯಲ್ಲಿ ಬರೋಡಾ ವಿರುದ್ಧ ಹಜಾರೆ ಔಟಾಗದೆ 316 ಹೊಡೆದರು. ಆ ಇನಿಂಗ್ಸಿನಲ್ಲಿ ನಾಗರ್‌ವಾಲಾ ಜೊತೆ ಒಂಬತ್ತನೇ ವಿಕೆಟ್‌ಗೆ 245 ರನ್. ಬ್ಯಾಟಿಂಗ್ ಅಷ್ಟು ಬಾರದವರ ಸರದಿ, ಅಂದರೆ ಬಾಲ, ಶುರುವಾಯಿತು ಅಂತ ಬೌಲರುಗಳು ನಿಟ್ಟುಸಿರು ಬಿಡುವ ಹೊತ್ತಿನಲ್ಲಿ 245!

ಆಮೇಲೆ ಹಜಾರೆ ಬರೋಡಾ ಮಹಾರಾಜರ ಆಶ್ರಯಕ್ಕೆ ಹೋದರು. ಮೇಲೆ ಹೇಳಿದೆನಲ್ಲ, ಆ ಕಾಲವೇ ಹಾಗಿತ್ತು. ಭಾರತದ ಕ್ಯಾಪ್ಟನ್ ಆಗಿ 1952ರಲ್ಲಿ ಮದ್ರಾಸಿನಲ್ಲಿ ದೇಶಕ್ಕೆ ಮೊದಲ ಟೆಸ್ಟ್ ಗೆಲುವು ತಂದುಕೊಟ್ಟರು.

ಒಂದೇ ಪಂದ್ಯದಲ್ಲಿ ಎರಡು ಶತಕ ಹೊಡೆದದ್ದು ಯಾರು, ದೇವಧರ್ ಅಥವಾ ಹಜಾರೆ?

ಇಬ್ಬರೂ. ಅದಕ್ಕೇ ಈ ಗೊಂದಲ. ದೇವಧರ್ 1944-45ರಲ್ಲಿ ಮಹಾರಾಷ್ಟ್ರದ ಪರ ನವಾನಗರ ವಿರುದ್ಧ 105 ಮತ್ತು 141 ಮಾಡಿದರು. ವಯಸ್ಸು ಐವತ್ತು ದಾಟಿತ್ತು. ಹಜಾರೆ 1948ರ ಜನವರಿಯಲ್ಲಿ ಅಡಿಲೇಡ್‌ನಲ್ಲಿ ಬ್ರಾಡ್ಮನ್ ಅವರ ಆಸ್ಟ್ರೇಲಿಯಾ ಎದುರು 116 ಮತ್ತು 145. ಟೆಸ್ಟ್‌ನಲ್ಲಿ ಆ ಸಾಧನೆ ಮಾಡಿದ ಮೊದಲ ಭಾರತೀಯ ಅವರೇ. ಈ ನಾಲ್ಕು ಸಂಖ್ಯೆಗಳನ್ನು ಒಂದರ ಕೆಳಗೆ ಒಂದು ಬರೆದು ನೋಡಿದರೆ ಖುಷಿ ಆಗುತ್ತದೆ.

ಒಟ್ಟು ಅಂಕಿ ಅಂಶ?

ಪ್ರಥಮ ದರ್ಜೆಯಲ್ಲಿ, ಅಂದರೆ ದಿನಗಟ್ಟಲೆ ನಡೆಯುವ ದೊಡ್ಡ ಪಂದ್ಯಗಳಲ್ಲಿ, 81 ಪಂದ್ಯ, 4522 ರನ್, ಸರಾಸರಿ 39.32, ಶತಕ 9, ಗರಿಷ್ಠ 246. ಇವತ್ತಿನವರ ಲೆಕ್ಕಕ್ಕೆ ಕಡಿಮೆ ಅನಿಸಬಹುದು. ಆದರೆ 1911ರಿಂದ ಶುರುವಾದ ಆಟಕ್ಕೆ ಬರೀ 81 ಪಂದ್ಯ ಅನ್ನೋದನ್ನು ಗಮನಿಸಿ. ಆಗ ವರ್ಷಕ್ಕೆ ಸಿಗುತ್ತಿದ್ದದ್ದೇ ಎರಡು ಮೂರು ಮ್ಯಾಚ್. ರಣಜಿ ಟ್ರೋಫಿ ಶುರುವಾದದ್ದೇ 1934ರಲ್ಲಿ, ಅವರಿಗೆ 42 ಆದಾಗ. ಮೊದಲ ಮಹಾಯುದ್ಧಕ್ಕೆ ಮೊದಲೂ ಆಡಿದ್ದರು, ಎರಡನೇ ಮಹಾಯುದ್ಧ ಮುಗಿದ ಮೇಲೂ ಆಡಿದರು. ಹದಿನೆಂಟು ಇಪ್ಪತ್ತರ ಹುಡುಗನಿಗೆ ಈಗ ಒಂದು ಋತುವಿನಲ್ಲಿ ಸಿಗುವಷ್ಟು ಪಂದ್ಯಕ್ಕೆ ಅವರು ಎಷ್ಟು ವರ್ಷ ಕಾದಿರಬೇಕು!

ಮನೆಯಲ್ಲಿ ಬೇರೆ ಯಾರಾದರೂ ಆಡುತ್ತಿದ್ದರಾ?

ಅವರ ಹೆಣ್ಣುಮಕ್ಕಳು ತಾರಾ, ಸುಂದರ್, ಸುಮನ್ ಬ್ಯಾಡ್ಮಿಂಟನ್ ಆಟಗಾರ್ತಿಯರು. 1940ರ ದಶಕದಲ್ಲಿ ರಾಷ್ಟ್ರೀಯ ಪ್ರಶಸ್ತಿಗಳನ್ನೇ ಗೆದ್ದರು. ಹೆಣ್ಣುಮಕ್ಕಳನ್ನು ಕೋರ್ಟಿಗೆ ಕಳಿಸಲು ಮನೆಗಳು ಹಿಂದೆ ಮುಂದೆ ನೋಡುತ್ತಿದ್ದ ಕಾಲದಲ್ಲಿ ಒಂದೇ ಮನೆಯಿಂದ ಮೂವರು. ಅಪ್ಪನ 246ರಷ್ಟೇ ಹೆಮ್ಮೆ ಇದರ ಬಗ್ಗೆಯೂ ಪಡಬೇಕು.

ದೇವಧರ್ ಟ್ರೋಫಿ ಯಾವಾಗ ಶುರುವಾಯಿತು? ನಮಗೂ ಅದಕ್ಕೂ ಏನು ನಂಟು?

1973-74ರಲ್ಲಿ, ವಲಯಗಳ ನಡುವಿನ ಸೀಮಿತ ಓವರ್ ಟೂರ್ನಿಯಾಗಿ. ಭಾರತ ತನ್ನ ಮೊದಲ ಏಕದಿನ ಪಂದ್ಯ ಆಡಿದ್ದು 1974ರ ಜುಲೈನಲ್ಲಿ. ಅಂದರೆ ದೇಶ ಏಕದಿನ ಆಡುವ ಮೊದಲೇ ಈ ಕಪ್ ಇತ್ತು. ಮೊದಲ ಸಲ ಗೆದ್ದದ್ದು ದಕ್ಷಿಣ ವಲಯ. ಅದೇ ಋತುವಿನಲ್ಲಿ ಕರ್ನಾಟಕ ಮೊದಲ ಸಲ ರಣಜಿ ಗೆದ್ದಿತು, ಬಾಂಬೆಯ 15 ವರ್ಷಗಳ ಸರಣಿ ಮುರಿದು. ಬಾಂಬೆಯನ್ನು ಹಿಡಿದು ನಿಲ್ಲಿಸುವುದು ಎಂಥ ಕೆಲಸ ಅಂತ ಚೆನ್ನಾಗಿ ಗೊತ್ತಿದ್ದ ದೇವಧರ್ ಆಗ ಪುಣೆಯಲ್ಲಿ 82ರ ಹಿರಿಯರು.

ಕೆಲವು ವರ್ಷ ಒಂದು ಚೆಂದದ ಕ್ರಮ ಇತ್ತು. ರಾಜ್ಯಗಳ ಏಕದಿನ ಟೂರ್ನಿಯಾದ ವಿಜಯ್ ಹಜಾರೆ ಟ್ರೋಫಿ ಗೆದ್ದ ರಾಜ್ಯಕ್ಕೆ ದೇವಧರ್ ಟ್ರೋಫಿಯಲ್ಲಿ ಜಾಗ. ಶಿಷ್ಯನ ಹೆಸರಿನ ಕಪ್ ಗೆದ್ದವರು ಗುರುವಿನ ಹೆಸರಿನ ಕಪ್‌ಗೆ ಆಡಬೇಕು. 2018ರಲ್ಲಿ ಹಾಗೆ ಹೋದದ್ದು ಕರ್ನಾಟಕ. ಧರ್ಮಶಾಲಾದಲ್ಲಿ ಫೈನಲ್ ತನಕ ಬಂದು ಭಾರತ ಬಿ ತಂಡಕ್ಕೆ ಸೋತಿತು. 2019ರ ನಂತರ ನಿಂತಿದ್ದ ಟೂರ್ನಿ 2023ರಲ್ಲಿ ಪುದುಚೇರಿಯಲ್ಲಿ ಮತ್ತೆ ನಡೆದಾಗ ದಕ್ಷಿಣ ವಲಯ ಗೆದ್ದಿತು. ಕ್ಯಾಪ್ಟನ್ ನಮ್ಮ ಮಯಾಂಕ್ ಅಗರ್ವಾಲ್.

ಸರ್ಕಾರದ ಗೌರವ ಏನಾದರೂ ಸಿಕ್ಕಿತಾ?

1965ರಲ್ಲಿ ಪದ್ಮಶ್ರೀ, 1991ರಲ್ಲಿ ಪದ್ಮಭೂಷಣ. ತೀರಿಕೊಂಡ ಮೇಲೆ, 1996ರಲ್ಲಿ ಅಂಚೆ ಚೀಟಿ. ನಾಯುಡು, ಮರ್ಚೆಂಟ್, ವಿನೂ ಮಂಕಡ್ ಚೀಟಿಗಳೂ ಅದೇ ಸಾಲಿನಲ್ಲಿ ಬಂದವು. ನಾಲ್ವರಲ್ಲಿ ಟೆಸ್ಟ್ ಆಡದವರು ಇವರೊಬ್ಬರೇ.

ನೂರು ದಾಟಿದ ಭಾರತೀಯ ಕ್ರಿಕೆಟಿಗರು ಬೇರೆ ಇದ್ದಾರಾ?

ಇದ್ದಾರೆ. ವಸಂತ್ ರಾಯ್‌ಜಿ 2020ರ ಜನವರಿಯಲ್ಲಿ ನೂರು ಮುಟ್ಟಿದರು. ರಘುನಾಥ್ ಚಂದೋರ್ಕರ್ ಅದೇ ವರ್ಷ. ಮೊದಲು ಆ ಗೆರೆ ದಾಟಿದವರು ದೇವಧರ್.

ಮಗಳಿಗೆ ಅವರ ಕತೆ ಹೇಳಬೇಕು. ಎಲ್ಲಿಂದ ಶುರು ಮಾಡಲಿ?

ಪುಣೆಯ ಆ ಪಂದ್ಯದಿಂದ. ಒಂದು ಹಾಳೆಯ ಮೇಲೆ 675 ಬರೆಯಿರಿ. ಕೆಳಗೆ 650 ಬರೆಯಿರಿ. ಕಳೆಯುವ ಲೆಕ್ಕ ಅವಳೇ ಮಾಡಲಿ. ಆಮೇಲೆ, ಆ 675ರಲ್ಲಿ 246 ರನ್ ಅವಳ ಶಾಲೆಯ ಹೆಡ್‌ಮೇಷ್ಟ್ರ ವಯಸ್ಸಿನವರೊಬ್ಬರು ಹೊಡೆದದ್ದು ಅಂತ ಹೇಳಿ. ಮುಂದಿನ ಪ್ರಶ್ನೆಗಳನ್ನು ಅವಳೇ ಕೇಳುತ್ತಾಳೆ.